ಮೂವತ್ತೆರಡು ಬೈತಲೆ

ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ನಾನು ಬೊಕ್ಕತಲೆಯವರ ಹಿಂದೆ ಬೀಳುವ ಹುಡುಗಿಯಾಗಿಬಿಟ್ಟಿದ್ದೆ. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಈಜುಕೊಳದ ಬಾಗಿಲಲ್ಲಿ, ಎಲ್ಲಿ ನುಣ್ಣಗೆ ಹೊಳೆಯುವ ತಲೆ ಕಂಡರೂ ಹತ್ತಿರ ಹೋಗಿ, "ಸಾರ್, ಎರಡು ಗಂಟೆ ಬಿಡುವಿದೆಯಾ?" ಅಂತ ಕೇಳುತ್ತಿದ್ದೆ. ಕೆಲವರು ಹೆದರಿದರು. ಒಬ್ಬರ ಹೆಂಡತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಯಾಕಮ್ಮ, ನಿನ್ನ ವಯಸ್ಸಿನವರು ಯಾರೂ ಸಿಗಲಿಲ್ವಾ?" ಅಂದರು. ನಾನು ನಾಚಿಕೆ ಬಿಟ್ಟು ಬಹಳ ದಿನವಾಗಿತ್ತು. ನಾನು ಓದುತ್ತಿದ್ದದ್ದು ಮನಃಶಾಸ್ತ್ರ, ಅದರಲ್ಲೂ ಮಿದುಳಿನ ಕಡೆಯದ್ದು. ಇಪ್ಪತ್ತನಾಲ್ಕು ಜನರ ಮಿದುಳಿನ ಅಲೆಗಳನ್ನು ಚೊಕ್ಕವಾಗಿ ದಾಖಲಿಸಿ ಪ್ರಬಂಧ ಬರೆದುಕೊಟ್ಟರೆ ಪಾಸು. ಇಲ್ಲದಿದ್ದರೆ ಇನ್ನೂ ಆರು ತಿಂಗಳು ಅದೇ ಬೆಂಚು.

ಬೊಕ್ಕತಲೆಯೇ ಯಾಕೆ ಅಂತ ಹೇಳಿಬಿಡುತ್ತೇನೆ. ಅಲೆ ಹಿಡಿಯುವುದಕ್ಕೆ ಒಂದು ಬಟ್ಟೆಯ ಟೋಪಿ ಇದೆ. ಅದರಲ್ಲಿ ಮೂವತ್ತೆರಡು ತೂತು, ಒಂದೊಂದಕ್ಕೂ ಷರ್ಟಿನ ಗುಂಡಿಯಷ್ಟು ದೊಡ್ಡ ಎಲೆಕ್ಟ್ರೋಡ್. ತೂತಿನೊಳಗೆ ಮೊಂಡು ಸಿರಿಂಜಿನಿಂದ ಜೆಲ್ ಬಿಡಬೇಕು. ಜೆಲ್ ತಲೆಯ ಚರ್ಮಕ್ಕೆ ತಾಗಿದರೆ ಪರದೆಯ ಮೇಲೆ ಆ ಜಾಗದ ಚುಕ್ಕೆ ಹಸಿರಾಗುತ್ತದೆ. ನಡುವೆ ಕೂದಲು ಅಡ್ಡ ಬಂದರೆ ಕೆಂಪು. ಬೋಳುತಲೆಯಾದರೆ ಹತ್ತು ನಿಮಿಷದ ಕೆಲಸ. ದಟ್ಟ ಕೂದಲಿನವರು ಬಂದರೆ ಎರಡು ಗಂಟೆ ಕೆದಕಿದರೂ ಅರ್ಧ ತಲೆ ಕೆಂಪಾಗಿಯೇ ಇರುತ್ತಿತ್ತು, ಅಷ್ಟು ಹೊತ್ತಿಗೆ ಅವರ ಮುಖವೂ ಕೆಂಪಾಗಿರುತ್ತಿತ್ತು.

ನನ್ನ ಗೈಡ್‌ಗೆ ನಾವು ಇಟ್ಟ ಹೆಸರು ಐದು ಕಿಲೋ ಮೇಡಂ. ಆಕೆ ಸೌದೆಕಡ್ಡಿಯ ಹಾಗೆ ಸಣ್ಣಗಿದ್ದರು, ಹೆಸರಿಗೂ ತೂಕಕ್ಕೂ ಸಂಬಂಧವಿಲ್ಲ. ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ ಐದು ಕಿಲೋ ಓಮ್ ಒಳಗಿರಬೇಕು ಎಂಬುದೇ ಆಕೆಯ ಜೀವನದ ಸಾರ. ಮೊದಲ ಮೂರು ತಿಂಗಳಲ್ಲಿ ನನ್ನ ಹತ್ತಿರ ಹನ್ನೊಂದು ಒಳ್ಳೆಯ ದಾಖಲೆ ಇದ್ದವು, ಅದರಲ್ಲಿ ಏಳು ಬೋಳುತಲೆಯವರದು. ಪಟ್ಟಿ ನೋಡಿ ಮೇಡಂ, "ಪ್ರಬಂಧದ ಹೆಸರು ಬದಲಾಯಿಸಿಬಿಡು. ಬೊಕ್ಕತಲೆಯವರು ಏನು ಯೋಚಿಸುತ್ತಾರೆ ಅಂತ ಬರಿ. ಕೂದಲಿಲ್ಲದ್ದಕ್ಕೆ ಯೋಚಿಸುತ್ತಾರೆ ಅಂತ ಒಂದೇ ಸಾಲಿನಲ್ಲಿ ಮುಗಿಯುತ್ತೆ" ಅಂದರು. ಹಾಗೆಂದು ಎರಡು ವಾರ ಯಾವುದೋ ಸಮ್ಮೇಳನಕ್ಕೆ ಹೋದರು.

ನನ್ನ ವಿಷಯ ನಿಜಕ್ಕೂ ಚೆನ್ನಾಗಿತ್ತು, ನಾನೇ ಹೇಳಬಾರದು ಆದರೂ ಹೇಳುತ್ತೇನೆ. ಮಲಗಿದವರೂ ತಮ್ಮ ಹೆಸರು ಕೇಳಿದರೆ ಕಣ್ಣು ಬಿಡುತ್ತಾರಲ್ಲ, ಹಾಗೆ ಸ್ವಂತ ಹೆಸರು ಕಿವಿಗೆ ಬಿದ್ದಾಗ ಮಿದುಳಿನಲ್ಲಿ ಒಂದು ಅಲೆ ಎದ್ದು ನಿಲ್ಲುತ್ತದೆ. ಅದು ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರಿಗೆ ಜಾಸ್ತಿಯೋ, ಮನೆಯಲ್ಲಿ ಕರೆಯುವ ಹೆಸರಿಗೆ ಜಾಸ್ತಿಯೋ ಎಂಬುದು ನನ್ನ ಪ್ರಶ್ನೆ. ಬಂದವರ ಎರಡೂ ಹೆಸರನ್ನು ಆವತ್ತೇ ನನ್ನ ಧ್ವನಿಯಲ್ಲಿ ಹೇಳಿ ಮುದ್ರಿಸಿಕೊಳ್ಳುತ್ತಿದ್ದೆ. ಆಮೇಲೆ ಅವರು ಒಳಕೋಣೆಯಲ್ಲಿ ಕುರ್ಚಿಗೆ ಒರಗಿ ಶಬ್ದವಿಲ್ಲದ ಮೀನಿನ ಚಿತ್ರ ನೋಡುತ್ತಾ ಕೂರಬೇಕು. ಕಿವಿಯಲ್ಲಿ ಅಪರಿಚಿತರ ಹೆಸರುಗಳ ನಡುವೆ ಅವರ ಹೆಸರು ನಲವತ್ತು ಸಲ, ಮನೆಯ ಹೆಸರು ನಲವತ್ತು ಸಲ ಬರುತ್ತದೆ. ಮಾತಾಡಬಾರದು, ಅಲುಗಾಡಬಾರದು, ಆದಷ್ಟು ಕಣ್ಣು ಮಿಟುಕಿಸಬಾರದು. ಕಣ್ಣು ಮಿಟುಕಿಸಿದರೂ ಸಾಕು, ಪರದೆಯ ಮೇಲೆ ಗೋಪುರದಂಥ ಅಲೆ ಎದ್ದು ಮಿದುಳಿನದ್ದನ್ನೆಲ್ಲ ನುಂಗಿಹಾಕುತ್ತದೆ.

ಈಗ ಚಿಕ್ಕಮ್ಮನ ವಿಷಯ. ಅಮ್ಮನ ತಂಗಿ, ಒಂಟಿ ಜೀವ, ಇಪ್ಪತ್ತಾರು ವರ್ಷದಿಂದ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಾಳೆ. ಮೂರು ಕುರ್ಚಿ, ಒಂದು ಉದ್ದ ಕನ್ನಡಿ, ತಲೆ ತೊಳೆಯುವ ಒಂದು ಬೇಸಿನ್. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾವಿಬ್ಬರು. ಹೈಸ್ಕೂಲಿನಿಂದ ನನ್ನನ್ನು ಸಾಕಿದವಳು ಅವಳೇ. ಹತ್ತನೇ ತರಗತಿಯ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಫೇಲಾದವಳು. "ನನ್ನ ತಲೆಗೆ ಏನೂ ಹತ್ತಲ್ಲ ಕಣೇ. ಊರವರ ತಲೆ ಮಾತ್ರ ನನ್ನ ಕೈಗೆ ಹತ್ತತ್ತೆ" ಅಂತ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಗಿರಾಕಿಗಳಿಗೆಲ್ಲ "ನಮ್ಮ ಹುಡುಗಿ ಮಿದುಳು ಓದ್ತಿದ್ದಾಳೆ" ಅಂತ ಹೇಳಿ ಹೇಳಿ, ನಾನು ಮೆಟ್ಟಿಲಿಳಿದರೆ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಕೂತವರು ಗಂಡಂದಿರ ಸಮಸ್ಯೆ ಹೇಳಲು ಶುರುಮಾಡುತ್ತಿದ್ದರು. ನಾನು ಮಾತ್ರ ಯೂನಿವರ್ಸಿಟಿಯಲ್ಲಿ ಯಾರಾದರೂ ಕೇಳಿದರೆ "ಚಿಕ್ಕಮ್ಮಂದು ಸ್ವಂತ ಬಿಸಿನೆಸ್" ಅನ್ನುತ್ತಿದ್ದೆ. ಯಾವ ಬಿಸಿನೆಸ್ ಅಂತ ಕೇಳುವ ಮೊದಲೇ ಬೇರೆ ಮಾತು ತೆಗೆಯುತ್ತಿದ್ದೆ.

ಮೇಡಂ ಊರು ಬಿಟ್ಟ ದಿನ ನಾನು ಹಳೆಯ ಟೋಪಿಯೊಂದನ್ನು ಮನೆಗೆ ತಂದು, ಅಂಗಡಿಯ ಕೂದಲಿರುವ ಗೊಂಬೆತಲೆಯ ಮೇಲೆ ಅಭ್ಯಾಸಕ್ಕೆ ಕೂತೆ. ಚಿಕ್ಕಮ್ಮ ನೆಲ ಗುಡಿಸುತ್ತಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೊರಕೆ ಗೋಡೆಗೆ ಒರಗಿಸಿದಳು.

"ತೋಟ ಅಗೀತಿದ್ದೀಯಾ ತಲೆ ಮೇಲೆ?"

"ಕೂದಲು ಸರಿಸ್ತಿದ್ದೀನಿ ಚಿಕ್ಕಮ್ಮ."

"ಟೋಪಿ ಹಾಕಿದ ಮೇಲೆ ಏನು ಸರಿಸ್ತೀಯ? ಮೊದಲೇ ದಾರಿ ಮಾಡಿಡಬೇಕು. ಪ್ರತಿ ತಲೆಗೂ ಒಂದು ಸುಳಿ ಇರತ್ತೆ. ಕೂದಲೆಲ್ಲ ಅಲ್ಲಿಂದ ಹೊರಟು ಸುತ್ತ ಹೋಗತ್ತೆ. ಅದರ ಜೊತೆ ಹೋದ್ರೆ ಬಿಟ್ಕೊಡತ್ತೆ, ಎದುರು ಹೋದ್ರೆ ಜಗಳಕ್ಕೆ ಬರತ್ತೆ. ಎಲ್ಲೆಲ್ಲಿ ತೂತು ಬರತ್ತೆ ಹೇಳು."

ಹೇಳಿದೆ. ಬಾಲದ ಬಾಚಣಿಗೆಯ ಚೂಪು ತುದಿಯಿಂದ ಅವಳು ಸುಳಿಯಿಂದ ಶುರುಮಾಡಿ ಒಂದರ ಪಕ್ಕ ಒಂದು ಬೈತಲೆ ತೆಗೆದಳು. ಮೂವತ್ತೆರಡು ತೂತಿಗೆ ಮೂವತ್ತೆರಡು ಬೈತಲೆ. ಟೋಪಿ ಎಳೆದಾಗ ಒಂದೊಂದು ತೂತಿನ ಕೆಳಗೂ ಗೊಂಬೆಯ ಬಿಳಿ ತಲೆ ಇಣುಕುತ್ತಿತ್ತು. ಮೂರು ತಿಂಗಳು ನಾನು ಪಟ್ಟ ಪಾಡೆಲ್ಲ ನೆನಪಾಗಿ ಅಲ್ಲೇ ಅಳು ಬಂತು, ಸಿಟ್ಟೂ ಬಂತು.

ಕಲಿಸಿಕೊಡು ಅಂದೆ. ಕಲಿಸಿದಳು. ನನ್ನ ಕೈಗೆ ಬರಲಿಲ್ಲ. ಇಪ್ಪತ್ತಾರು ವರ್ಷದ ಕೈಚಳಕ ಒಂದು ಸಂಜೆಗೆ ಬರುವುದಾದರೆ ಚಿಕ್ಕಮ್ಮನಿಗೂ ಒಂದು ಸಂಜೆಯಲ್ಲಿ ಹತ್ತನೇ ತರಗತಿ ಪಾಸಾಗಬಹುದಿತ್ತು. ಹಾಗಾಗಿ ನಾನು ಮಾಡಬಾರದ್ದು ಮಾಡಿದೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಅವಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ: ವಿಭಾಗದ ತರಬೇತಿ ಪಡೆದು ಸಹಿ ಹಾಕಿದವರು ಮಾತ್ರ ಪಾಲ್ಗೊಳ್ಳುವವರನ್ನು ಮುಟ್ಟತಕ್ಕದ್ದು, ತಪ್ಪಿದರೆ ದಾಖಲೆ ರದ್ದು. ಚಿಕ್ಕಮ್ಮ ಅದನ್ನು ಅಕ್ಷರ ಅಕ್ಷರ ಓದಿ ನನ್ನ ಮುಖ ನೋಡಿದಳು. "ಅದು ಸುಮ್ನೆ ಬರೆದಿರೋದು" ಅಂದೆ.

ಒಂಬತ್ತು ತಲೆ ಮಾಡಿದಳು. ಗುಂಗುರು ಕೂದಲಿನ ಬಸ್ ಡ್ರೈವರ್, ಸೊಂಟದವರೆಗೆ ಜಡೆ ಇದ್ದ ನರ್ಸ್, ಯಾವತ್ತೂ ಬಾಚಣಿಗೆ ಕಾಣದ ತತ್ವಶಾಸ್ತ್ರದ ವಿದ್ಯಾರ್ಥಿ. ಯಾರಿಗೂ ನೋವಾಗಲಿಲ್ಲ, ಇಬ್ಬರಿಗೆ ನಿದ್ದೆಯೇ ಬಂತು. ಅರ್ಧ ಗಂಟೆಗೆ ಮೂವತ್ತೆರಡೂ ಹಸಿರು. "ಎಲೆಕ್ಟ್ರೋಡ್ ಇಟ್ಟವರು" ಎಂಬಲ್ಲಿ ಒಂಬತ್ತು ಸಲವೂ ನಾನೇ ಸಹಿ ಹಾಕಿದೆ. ಹನ್ನೊಂದಕ್ಕೆ ಒಂಬತ್ತು ಸೇರಿ ಇಪ್ಪತ್ತಾಯಿತು. ಇನ್ನು ನಾಲ್ಕೇ ನಾಲ್ಕು, ದಾಖಲೆ ಮುಗಿಸಲು ಕೈಯಲ್ಲಿ ನಾಲ್ಕು ದಿನ.

ಆವತ್ತು ಬರಬೇಕಿದ್ದವರು ಇನ್ನೂ ಬಂದಿರಲಿಲ್ಲ, ಕೊನೆಗೂ ಬರಲೇ ಇಲ್ಲ. ಚಿಕ್ಕಮ್ಮ ಬಾಚಣಿಗೆ ಹಿಡಿದು ಕುರ್ಚಿಯ ಹಿಂದೆ ನಿಂತಿದ್ದಳು. ಬಾಗಿಲು ತೆಗೆದು ಒಳಗೆ ಬಂದದ್ದು ಐದು ಕಿಲೋ ಮೇಡಂ. ಒಂದು ದಿನ ಮುಂಚೆಯೇ ವಾಪಸ್ಸು ಬಂದಿದ್ದರು.

"ಇವರು ಯಾರು?"

ನನ್ನ ಬಾಯಿ ನನಗಿಂತ ಮುಂಚೆ ಓಡಿತು. "ಇವತ್ತು ಪ್ರಯೋಗಕ್ಕೆ ಬಂದವರು ಮೇಡಂ."

"ನಿನಗೆ ಪರಿಚಯದವರಾ?"

"ಇಲ್ಲ ಮೇಡಂ. ಯಾರೋ. ನೋಟಿಸ್ ನೋಡಿ ಬಂದಿದ್ದಾರೆ."

ಚಿಕ್ಕಮ್ಮ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಕುರ್ಚಿಯನ್ನು ಸುತ್ತಿ ಬಂದು ಕೂತಳು. ಬಾಚಣಿಗೆಯನ್ನು ತನ್ನದೇ ಜಡೆ ಬಿಚ್ಚುವುದಕ್ಕೆ ತಂದಿದ್ದಳು ಎನ್ನುವ ಹಾಗೆ ಜಡೆ ಬಿಚ್ಚತೊಡಗಿದಳು. ಅಷ್ಟು ಬೇಗ ನನ್ನ ಸುಳ್ಳಿಗೆ ಹೆಗಲು ಕೊಟ್ಟಳು.

ಮೇಡಂ ಒಂಬತ್ತು ದಾಖಲೆಗಳ ಮೇಲೆ ಕಣ್ಣಾಡಿಸಿದರು. "ಎಲ್ಲ ಐದರ ಒಳಗೆ! ಏನಮ್ಮ ಇದು, ಇಷ್ಟು ದಿನ ಈ ಕೈ ಎಲ್ಲಿಟ್ಟಿದ್ದೆ? ಮಾಡು ನೋಡೋಣ, ನಾನೂ ಕಲೀತೀನಿ." ಎಂದು ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಮೊದಲು ಫಾರಂ. ಸಂಶೋಧಕರೊಂದಿಗೆ ಸಂಬಂಧ ಎಂಬಲ್ಲಿ ನಾನೇ "ಇಲ್ಲ" ಅಂತ ಬರೆದೆ. ಆಮೇಲೆ ಹೆಸರು ಕೇಳಬೇಕು. "ನಿಮ್ಮ ಹೆಸರು ಹೇಳಿ" ಅಂದೆ. ಮಾತು ಬಂದಾಗಿನಿಂದ ನೀನು ಅಂದವಳು ಅವತ್ತು ನೀವು ಅಂದೆ. ಶಾಲೆಯಲ್ಲಿ ಬರೆಸಿದ್ದ ಉದ್ದ ಹೆಸರು ಹೇಳಿದಳು, ನಾನು ಅದನ್ನು ಎಂದೋ ಮರೆತಿದ್ದೆ.

"ಮನೆಯಲ್ಲಿ ಏನಂತ ಕರೀತಾರೆ?"

"ಮನೇಲಿ ನನ್ನನ್ನ ಕರೆಯೋಳು ಒಬ್ಬಳೇ" ಅಂದಳು ಚಿಕ್ಕಮ್ಮ, ಕನ್ನಡಿ ಇಲ್ಲದ ಗೋಡೆ ನೋಡುತ್ತಾ. "ಚಿಕ್ಕಮ್ಮ ಅಂತಾಳೆ."

"ಆಗುತ್ತೆ, ಅದನ್ನೇ ಹಾಕು" ಅಂದರು ಮೇಡಂ. ನಾನು ಮೈಕಿನ ಮುಂದೆ ಬಗ್ಗಿ ಮೊದಲು ಉದ್ದ ಹೆಸರು ಹೇಳಿದೆ, ಆಮೇಲೆ "ಚಿಕ್ಕಮ್ಮ" ಅಂದೆ.

ಟೋಪಿ ಹಾಕಿದೆ. ಚಿಕ್ಕಮ್ಮನ ಕೂದಲು ನಮ್ಮ ಮನೆತನದ್ದು, ದಟ್ಟ ಪೊದೆ. ಹತ್ತು ನಿಮಿಷದಲ್ಲಿ ನಾಲ್ಕು ಹಸಿರು, ಇಪ್ಪತ್ತೆಂಟು ಕೆಂಪು. ಮೇಡಂ ಪರದೆ ನೋಡುತ್ತಾ ಬೆರಳಿಂದ ಮೇಜು ಕುಟ್ಟುತ್ತಿದ್ದರು.

"ಮೇಡಂ, ಸ್ವಲ್ಪ ತಲೆ ಕಡೀತಿದೆ. ಕೆರ್ಕೊಳ್ಳಬಹುದಾ?" ಅಂದಳು ಚಿಕ್ಕಮ್ಮ.

"ಕೆರ್ಕೊಳ್ಳಿ, ಕೆರ್ಕೊಳ್ಳಿ" ಅಂದರು ಮೇಡಂ, ತಿರುಗದೆ.

ಬಾಚಣಿಗೆಯ ಬಾಲ ಒಂದು ತೂತಿನೊಳಗೆ ಹೋಗಿ ಸಣ್ಣಗೆ ಒಂದು ಸುತ್ತು ಸುತ್ತಿತು. ನಾನು ಜೆಲ್ ಬಿಟ್ಟೆ. ಹಸಿರು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಕಡಿಯಿತು. ಹಸಿರು. ಕನ್ನಡಿಯಿಲ್ಲದೆ, ಬರೀ ಮುಟ್ಟಿ ನೋಡಿಕೊಂಡು, ಚಿಕ್ಕಮ್ಮ ತನ್ನ ತಲೆಯನ್ನು ತಾನೇ ಇಪ್ಪತ್ತೆಂಟು ಕಡೆ ಕೆರೆದುಕೊಂಡಳು. "ಇವರಿಗೆ ತಲೆಹೊಟ್ಟಿನ ತೊಂದರೆ ಇರಬೇಕು" ಅಂತ ಮೇಡಂ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಇಪ್ಪತ್ತಾರು ವರ್ಷ ಊರ ಹೆಂಗಸರ ಹೊಟ್ಟು ಬಿಡಿಸಿದವಳು ಅದನ್ನೂ ಕೇಳಿಸಿಕೊಂಡು ಮುಂದಿನ ತೂತಿಗೆ ಹೋದಳು.

ಮೂವತ್ತೆರಡೂ ಹಸಿರಾದಾಗ ಮೇಡಂ ನನ್ನ ಬೆನ್ನು ತಟ್ಟಿದರು. "ಪಾಸಾದೆ ಅಂದುಕೋ" ಅಂದರು. ಮೂರು ವರ್ಷದಲ್ಲಿ ಅವರು ಯಾರ ಬೆನ್ನನ್ನೂ ತಟ್ಟಿದ್ದು ನಾನು ನೋಡಿರಲಿಲ್ಲ. ಕಳ್ಳ ಸಿಕ್ಕಿಬೀಳದೆ ಮನೆ ಸೇರಿದ ಹಾಗೆ ಹಗುರವಾಯಿತು.

ಚಿಕ್ಕಮ್ಮನನ್ನು ಒಳಕೋಣೆಯಲ್ಲಿ ಕೂರಿಸಿ, ಮೀನಿನ ಚಿತ್ರ ಹಾಕಿ, ನಾನೂ ಮೇಡಂ ಹೊರಗೆ ಪರದೆಯ ಮುಂದೆ ಕೂತೆವು. ಯಾರ್ಯಾರದೋ ಹೆಸರು ಹೋಯಿತು. ಅವಳ ಉದ್ದ ಹೆಸರು ಹೋಯಿತು, ಮಿದುಳು ಅಷ್ಟೇನೂ ಗಮನ ಕೊಡಲಿಲ್ಲ. ಆಮೇಲೆ ನನ್ನ ಧ್ವನಿ ಹೋಯಿತು: ಚಿಕ್ಕಮ್ಮ.

"ಏನೇ?" ಎಂದಿತು ಒಳಗಿನ ಮೈಕು.

ಪರದೆ ಪೂರ್ತಿ ಗೀಚಿಹೋಯಿತು. ದವಡೆ ಆಡಿದರೆ ಹಾಗೇ ಆಗುವುದು. ಸ್ವಲ್ಪ ಹೊತ್ತಿಗೆ ಮತ್ತೆ ಚಿಕ್ಕಮ್ಮ, ಮತ್ತೆ "ಏನೇ". ಮೂರನೆಯ ಸಲ ಮೇಡಂ ಪ್ರಯೋಗ ನಿಲ್ಲಿಸಿದರು. "ಮಾತಾಡಬೇಡಿ ಅಂತ ಹೇಳು."

ನಾನು ಒಳಕೋಣೆಗೆ ಮಾತಾಡುವ ಗುಂಡಿ ಒತ್ತಿದೆ. "ದಯವಿಟ್ಟು ಉತ್ತರ ಕೊಡಬೇಡಿ."

"ಕೊಡಬಾರದು ಅಂತಾನೇ ಕೂತಿದ್ದೀನಮ್ಮ. ಕರೆದ ತಕ್ಷಣ ತಾನಾಗೇ ಬಂದುಬಿಡತ್ತೆ" ಅಂದಳು. ಕೂಗಲಿಲ್ಲ, ಮುನಿಯಲಿಲ್ಲ. "ಇನ್ಮೇಲೆ ಬರಲ್ಲ ಬಿಡಿ."

ನನಗೂ "ಬಿಡಿ" ಅಂದಳು.

ಮತ್ತೆ ಶುರುವಾಯಿತು. ಚಿಕ್ಕಮ್ಮ ಎಂದಿತು ನನ್ನ ಧ್ವನಿ. ಈ ಸಲ ಅವಳು ಬಾಯಿ ಬಿಡಲಿಲ್ಲ. ಪರದೆಯ ಮೇಲಿನ ಎರಡು ಗೆರೆಗಳಲ್ಲಿ ಮಾತ್ರ, ಹಣೆಯ ಹತ್ತಿರದವು ಅವು, ಗೋಪುರ ಎದ್ದಿತು. ಅದು ಇಳಿಯುವುದರೊಳಗೆ ಇನ್ನೊಂದು. ಮತ್ತೆ ಚಿಕ್ಕಮ್ಮ, ಮತ್ತೆ ಸಾಲು ಗೋಪುರ.

"ಕಣ್ಣು ಮಿಟುಕಿಸ್ತಿದ್ದಾರೆ. ಮಿಟುಕಿಸಬೇಡಿ ಅಂತ ಹೇಳು, ಡೇಟಾ ಎಲ್ಲ ಹಾಳು" ಅಂದರು ಮೇಡಂ.

ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಮೂರು ವರ್ಷ ಕಣ್ಣಿನ ಅಲೆ ಬೇರೆ, ಮಿದುಳಿನ ಅಲೆ ಬೇರೆ ಅಂತ ಬೇರ್ಪಡಿಸುವುದನ್ನು ಕಲಿತಿದ್ದೆ. ಕಣ್ಣಿನದ್ದು ಕಸ, ಎಸೆಯಬೇಕು ಎಂದೇ ಪಾಠ. ಆ ಕಸದಲ್ಲಿ ನನಗೆ ಎಲ್ಲ ಕಾಣುತ್ತಿತ್ತು. ನಾನು ಎಂಥ ನೀಚಳು ಅನ್ನಿಸಿತು.

"ಮೇಡಂ, ಅದು ಮಿಟುಕಿಸ್ತಿರೋದಲ್ಲ. ಅಳ್ತಿರೋದು."

"ಮೀನು ನೋಡಿಕೊಂಡು ಯಾಕೆ ಅಳ್ತಾರೆ?"

"ಅವಳು ನಮ್ಮ ಚಿಕ್ಕಮ್ಮ. ಕೂದಲು ಕತ್ತರಿಸೋ ಅಂಗಡಿ ಇದೆ ಅವಳದು. ಆ ಒಂಬತ್ತೂ ಅವಳೇ ಮಾಡಿದ್ದು. ಇದನ್ನೂ ಅವಳೇ ಮಾಡಿಕೊಂಡಳು. ನನಗೆ ಬರಲ್ಲ ಮೇಡಂ, ಯಾವತ್ತೂ ಬಂದಿಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ರಿಜಿಸ್ಟರ್ ತೆಗೆದು, ಅಡಿಕೋಲಿಟ್ಟು, ಒಂಬತ್ತು ಸಾಲಿಗೂ ನೇರ ಗೆರೆ ಎಳೆದರು. ಹತ್ತನೆಯದಕ್ಕೂ ಎಳೆದರು. "ನಿನ್ನ ಹತ್ತಿರ ಹನ್ನೊಂದಿದೆ. ಆರು ತಿಂಗಳು ಬಿಟ್ಟು ಬಾ" ಅಂದರು. ರಿಜಿಸ್ಟರ್ ಮುಚ್ಚಿ, "ಮುಂದಿನ ವಾರ ತರಬೇತಿ ಇದೆ. ಯಾರು ಬೇಕಾದರೂ ಸೇರಬಹುದು, ಕೊನೆಗೆ ಒಂದು ಚಿಕ್ಕ ಪರೀಕ್ಷೆ. ನಿಮ್ಮ ಚಿಕ್ಕಮ್ಮನನ್ನು ನಾನೇ ಕೇಳ್ತೀನಿ. ನೀನು ಕೇಳಬೇಡ, ನಿನಗೆ ಆ ಯೋಗ್ಯತೆ ಇಲ್ಲ" ಅಂದರು.

ಮೇಡಂ ಒಳಗೆ ಹೋಗಿ ಚಿಕ್ಕಮ್ಮನ ಜೊತೆ ಏನೋ ಮಾತಾಡಿದರು. ಬಾಗಿಲ ಸಂದಿಯಿಂದ "ಪರೀಕ್ಷೆನಾ?" ಎಂಬ ಚಿಕ್ಕಮ್ಮನ ಧ್ವನಿ ಮಾತ್ರ ಕೇಳಿಸಿತು. ಆಮೇಲೆ ಮೇಡಂ ಹೊರಟುಹೋದರು.

ನಾನು ಟೋಪಿ ಬಿಚ್ಚಿದೆ. ಪ್ರಯೋಗ ಮುಗಿದವರ ತಲೆ ತೊಳೆಯಲು ಅಲ್ಲೇ ಮೂಲೆಯಲ್ಲಿ ಒಂದು ಬೇಸಿನ್ ಇದೆ. ಚಿಕ್ಕಮ್ಮ ಕುತ್ತಿಗೆ ಒರಗಿಸಿ ಕೂತಳು. ನಾನು ನೀರು ಬಿಟ್ಟೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವಳ ತಲೆ ತೊಳೆದದ್ದು ಅದೇ ಮೊದಲು. ಸುಳಿಯ ಸುತ್ತ ಬಿಳಿ ಕೂದಲು ಎಷ್ಟೋ ಇದ್ದವು. ಊರಿಗೆಲ್ಲ ಬಣ್ಣ ಹಚ್ಚುವವಳು ತನಗೆ ಹಚ್ಚಿಕೊಂಡಿರಲಿಲ್ಲ.

"ಜೆಲ್ ಕಣ್ಣಿಗೆ ಹೋಗಿತ್ತು ಕಣೇ, ಅದಕ್ಕೇ ಹಾಗಾಯ್ತು" ಅಂದಳು.

"ಹಣೆ ಹತ್ತಿರ ಜೆಲ್ ಸೋರೇ ಇರಲಿಲ್ಲ ಚಿಕ್ಕಮ್ಮ."

"ಮಿದುಳು ಓದಿದವಳ ಹತ್ತಿರ ಇದೇ ತೊಂದರೆ" ಅಂದಳು. "ನೀರು ಬಿಸಿ ಜಾಸ್ತಿ. ಉಗುರು ತಾಗಿಸಬೇಡ, ಬೆರಳಿನ ಮೆತ್ತೆಯಲ್ಲಿ ಉಜ್ಜು."

ಉಜ್ಜಿದೆ. ತಪ್ಪಾಯ್ತು ಅಂದೆ. ಅವಳು ಕುತ್ತಿಗೆಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿಸಿದಳು.

"ನಾನು ನಿನಗೆ ಯಾರೋ ಆಗೇ ಇದ್ದಿದ್ರೆ ಪಾಸಾಗ್ತಿದ್ದೆ ಅಲ್ವಾ?"

"ಆಗ್ತಿದ್ದೆ."

"ಆರು ತಿಂಗಳು ಹೋಯ್ತು."

"ಹೋಯ್ತು."

ಜೆಲ್ ಎಲ್ಲ ಇಳಿದು ನೀರು ತಿಳಿಯಾಗಿ ಹೋಗುತ್ತಿತ್ತು. ನಾನು ನಲ್ಲಿ ನಿಲ್ಲಿಸಲು ಕೈ ಚಾಚಿದೆ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟು ಹಿಡಿದಳು.

"ಇನ್ನೊಂದ್ ಸಲ ತೊಳಿ" ಅಂದಳು. "ಅವಸರ ಏನಿದೆ ನಿಂಗೆ?"